ಸುಣ್ಣ ಬಳಿದ ಕಲ್ಲು

"ನಿಮ್ಮ ಕಡೆ ನೋಡಾಕ ಏನೈತಿ? ಬರೇ ಜಾಲಿಗಿಡ, ಧೂಳು. ಅದು ಬಿಟ್ರ ನೆಲ್ಲಿನ ಗದ್ದಿ" ಎಂದು ನನ್ನ ತಂಗಿಯ ಗಂಡ ಅಂದಾಗ ನಾನು ಅವನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದೆ. ರೊಟ್ಟಿ ಕೈಯಲ್ಲೇ ಉಳಿಯಿತು. ಬಿಜಾಪುರದ ಕಡೆಯವನು, ಕಣ್ಣು ಬಿಟ್ಟಾಗಿನಿಂದ ಗುಮ್ಮಟ ನೋಡಿ ಬೆಳೆದವನು. ಹೆಂಡತಿಯನ್ನು ಕರೆದುಕೊಂಡು ಹಂಪಿಗೆ ಹೊರಟಿದ್ದ, ದಾರಿಯಲ್ಲಿ ನಮ್ಮ ಮನೆಯಲ್ಲಿ ಒಂದು ದಿನ ಇಳಿದಿದ್ದ. ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದರೆ ಅವನ ಪಾಲಿಗೆ ಬಸ್ಸು ಚಹಾಕ್ಕೆ ನಿಲ್ಲುವ ಮೂರು ಸ್ಟ್ಯಾಂಡು, ಅಷ್ಟೇ. ಎಂಬತ್ತರ ದಶಕದ ನಡುವಿನ ಮಾತಿದು. ಆ ದಿನದ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ನಾನು ಲಿಂಗಸುಗೂರಿನಲ್ಲಿ ಹುಟ್ಟಿದವಳು, ಪ್ರಾಥಮಿಕ ಶಾಲೆಯ ಮಾಸ್ತರರ ಮಗಳು. ರಜೆ ಬಂತೆಂದರೆ ಬೇರೆ ಮಕ್ಕಳು ಅಜ್ಜಿಯ ಊರಿಗೆ ಹೋಗುತ್ತಿದ್ದರು. ನಮ್ಮನ್ನು ಅಪ್ಪ ಕಲ್ಲು ತೋರಿಸಲು ಕರೆದೊಯ್ಯುತ್ತಿದ್ದ. ಮುದಗಲ್ಲಿಗೆ ಹೋದರೆ ಒಂದೇ ಊರಲ್ಲಿ ಕಂದಕ ಸುತ್ತಿದ ಕೋಟೆ, ಮೊಹರಂ ಬಂದರೆ ಜಾತಿ ಕೇಳದೆ ಎಲ್ಲರೂ ಕೂಡುವ ಅಲಾಯಿ ದೇವರ ಮನೆ, ಎಷ್ಟೋ ತಲೆಮಾರಿನ ಹಿಂದಿನ ಚರ್ಚು. ಕೋಟೆಯಲ್ಲಿ ಒಂದು ಕಲ್ಲು ಕನ್ನಡದಲ್ಲಿ ಮಾತಾಡಿದರೆ ಇನ್ನೊಂದು ಫಾರಸಿಯಲ್ಲಿ. ಕೃಷ್ಣೆಯ ದಂಡೆಯ ಜಲದುರ್ಗಕ್ಕೆ ಹೋದಾಗ ನನ್ನ ಚಪ್ಪಲಿ ಕಿತ್ತು, ಅಪ್ಪ ತನ್ನ ಟವೆಲ್ಲು ಹರಿದು ಕಾಲಿಗೆ ಸುತ್ತಿ ನಡೆಸಿದ. ಪಿಕಳಿಹಾಳದ ಬಂಡೆಗಳ ಮೇಲೆ, ಕಬ್ಬಿಣವನ್ನೇ ಕಾಣದ ಕಾಲದವರು ಬಿಡಿಸಿದ ಎತ್ತುಗಳನ್ನು ತೋರಿಸಿ, "ಕಣ್ಣಿಲೆ ನೋಡಿದ್ರ ಆಗಂಗಿಲ್ಲ, ಬೆರಳಿಲೆ ನೋಡ್ರಿ" ಎಂದು ನಮ್ಮ ಬೆರಳು ಹಿಡಿದು ಕೋಡಿನ ಗೆರೆಯ ಗುಂಟ ಎಳೆಯುತ್ತಿದ್ದ. ಅಂಥವನ ಮಗಳಿಗೆ ತಂಗಿಯ ಗಂಡ 'ನೋಡಾಕ ಏನೈತಿ' ಅಂದರೆ ಮೈ ಉರಿಯದೆ ಇರುತ್ತದೆಯೇ?

ಮರುದಿನ ಬೆಳಿಗ್ಗೆ ಅವನನ್ನು ಹಟ ಹಿಡಿದು ಮಸ್ಕಿಯ ಗುಡ್ಡಕ್ಕೆ ಕರೆದೊಯ್ದೆ. ಅಲ್ಲಿ ಮೌರ್ಯ ಚಕ್ರವರ್ತಿಯ ಶಾಸನವಿದೆ. ಬೇರೆ ಕಡೆ ಬಂಡೆಗಳ ಮೇಲೆ ಓದಿದವರಿಗೆ ಅವನ ಬಿರುದು ಮಾತ್ರ ಸಿಕ್ಕಿತ್ತು, ಯಾವ ರಾಜ ಎಂದು ಖಾತ್ರಿ ಇರಲಿಲ್ಲ. ಬಿರುದಿನ ಜೊತೆ ಹೆಸರನ್ನೂ ಹೇಳಿ ಜಗತ್ತಿನ ಅನುಮಾನ ತೀರಿಸಿದ್ದು ನಮ್ಮ ಮಸ್ಕಿಯ ಬಂಡೆ. ಇದನ್ನೆಲ್ಲ ನಾನು ಏದುಸಿರು ಬಿಡುತ್ತ ಹೇಳಿದೆ. ಅವನು ಕಬ್ಬಿಣದ ಸರಳುಗಳ ಸಂದಿಯಿಂದ ಇಣುಕಿ, "ಇಷ್ಟ ಏನು?" ಅಂದ. ಆಮೇಲೆ ವಾಚು ನೋಡಿಕೊಂಡು ಬಸ್ಸಿನ ಟೈಮು ಕೇಳಿದ.

ಆ 'ಇಷ್ಟ ಏನು' ನನ್ನ ನೆತ್ತಿಗೇರಿ ಕೂತಿತು. ನಮ್ಮ ಕಡೆ ಇನ್ನೂ ಏನೇನಿದೆ ಎಂದು ಇವನಿಗೆ, ಇವನಂಥವರಿಗೆಲ್ಲ ತೋರಿಸಿಯೇ ಬಿಡುತ್ತೇನೆ ಅಂದುಕೊಂಡೆ. ಆ ಜಿದ್ದಿನಲ್ಲೇ ನಾನು ಆ ಕಾಗದ ಬರೆದೆ. ನನ್ನ ಅತ್ತೆಯ ಹೊಲದ ಕಲ್ಲಿನ ಬಗ್ಗೆ ಪುರಾತತ್ವ ಇಲಾಖೆಗೆ ಕಾಗದ ಬರೆದವಳು ನಾನೇ. ಆಮೇಲೆ ಆದದ್ದಕ್ಕೆಲ್ಲ ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡಬೇಕು.

ನನ್ನನ್ನು ಕೊಟ್ಟದ್ದು ಮಸ್ಕಿಗೂ ಬಳಗಾನೂರಿಗೂ ನಡುವಿನ ಒಂದು ಹಳ್ಳಿಗೆ. ಅಲ್ಲಿನ ಶಾಲೆಯಲ್ಲೇ ನಾನು ಟೀಚರು, ಗಂಡನದು ಒಕ್ಕಲುತನ. ಮನೆಯಲ್ಲಿ ಯಜಮಾನಿಕೆ ಅತ್ತೆಯದು. ಎತ್ತರದ, ಬಡಕಲು ಮೈಯ ಹೆಂಗಸು. ಅಕ್ಷರ ಬರುತ್ತಿರಲಿಲ್ಲ, ಆದರೆ ಮುಗಿಲು ನೋಡಿ ಮಳೆ ಹೇಳುತ್ತಿದ್ದಳು, ಕಾಳು ಕಚ್ಚಿ ನೋಡಿ ಯಾವ ಹೊಲದ ಜೋಳ ಎಂದು ಹೇಳುತ್ತಿದ್ದಳು. ಮಾತು ಕಡಿಮೆ. ಬೈಯುವುದಿದ್ದರೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು, ಆ ಒಂದು ಮಾತು ವಾರಗಟ್ಟಲೆ ಚುಚ್ಚುತ್ತಿತ್ತು.

ನಮ್ಮ ಹೊಲದ ನಡುವೆ ಬನ್ನಿಗಿಡದ ಬುಡದಲ್ಲಿ ಎದೆಮಟ್ಟದ ಒಂದು ಕಲ್ಲು ನಿಂತಿತ್ತು. ದೂರದಿಂದ ನೋಡಿದರೆ ಬೆಳ್ಳಗೆ ಯಾರೋ ನಿಂತಂತೆ ಕಾಣುತ್ತಿತ್ತು. ಎಳ್ಳಮಾಸಿಯ ದಿನ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಪೈರಿಗೆ ಬುತ್ತಿಯ ಅಡುಗೆಯನ್ನು ಚರಗವೆಂದು ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಬಸುರಿ ಹೆಂಗಸಿಗೆ ಬಯಕೆ ತೀರಿಸಿದ ಹಾಗೆ ಭೂಮಿಗೆ ಉಣಿಸುವ ಹಬ್ಬ ಅದು. ಆದರೆ ನಮ್ಮ ಮನೆಯಲ್ಲಿ ಚರಗಕ್ಕಿಂತ ಮೊದಲು ಕಲ್ಲಿಗೆ ಸುಣ್ಣವಾಗಬೇಕು. ಅತ್ತೆ ಎಂಟು ದಿನ ಮುಂಚೆಯೇ ಮಸ್ಕಿಯ ಸಂತೆಯಿಂದ ಸುಣ್ಣದ ಹರಳು ತಂದು, ಗಡಿಗೆಯಲ್ಲಿ ಅರಳಿಸಿ, ಹಳೆಯ ಪಂಚೆಯಲ್ಲಿ ಸೋಸಿ ಇಡುತ್ತಿದ್ದಳು. ಆ ದಿನ ತಾನೇ ಕೈಯಿಂದ ಕಲ್ಲಿಗೆಲ್ಲ ಬಳಿದು, ಒಣಗಿದ ಮೇಲೆ ಬೆರಳು ಅದ್ದಿ ಕೆಮ್ಮಣ್ಣಿನ ಜಾಜಿನ ಮೂರು ಗೆರೆ ಎಳೆಯುತ್ತಿದ್ದಳು. ಆಕೆಯ ಅತ್ತೆ ಹಾಗೆ ಮಾಡುತ್ತಿದ್ದಳಂತೆ, ಆ ಅತ್ತೆಯ ಅತ್ತೆಯೂ ಹಾಗೇ. ವರುಷಕ್ಕೊಂದು ಪದರ ಕೂತು ಕೂತು ಸುಣ್ಣ ಹೆಬ್ಬೆರಳಿನಷ್ಟು ದಪ್ಪವಾಗಿತ್ತು.

ನಾನು ಮದುವೆಯಾಗಿ ಬಂದ ಮೊದಲ ಎಳ್ಳಮಾಸಿ. ಅತ್ತೆ ಕಲ್ಲಿನ ಮೈ ಸವರುವಾಗ ಒಂದು ಹಕ್ಕಳೆ ಕಳಚಿ ಬಿತ್ತು. ಅಂಗೈಯಷ್ಟು ಜಾಗ ಬರಿದಾಯಿತು. ಅಲ್ಲಿ ಅಕ್ಷರ! ನಿನ್ನೆ ಮೊನ್ನೆ ಉಳಿ ಹಿಡಿದು ಕೆತ್ತಿದಂತೆ ಚೂಪಾದ ಅಂಚಿನ ಹಳೆಯ ಅಕ್ಷರಗಳು. ನಾನು ಕೂಗಿಕೊಂಡೆ.

"ಅತ್ತಿ, ಇದರಾಗ ಅಕ್ಷರ ಅದಾವು!"

"ಅದಾವು. ನಮ್ಮತ್ತಿ ಹೇಳ್ತಿದ್ಲು. ಈ ಹೊಲದ ಪಾಣಿ ಅಂತ ಇದು" ಎಂದಳು ಅತ್ತೆ. ಯಾವ ಹೊಲ ಯಾರದು ಎಂದು ಚಾವಡಿಯಲ್ಲಿ ಬರೆದಿಡುವ ಪಾಣಿಯ ಹಾಗೆ ಇದೂ ಒಂದು ಕಾಗದ, ಕಲ್ಲಿನದು, ಎಂದು ಆಕೆಯ ತಿಳಿವಳಿಕೆ. ಆಮೇಲೆ ನನ್ನ ಕಡೆ ತಿರುಗಿ, "ಓದಾಕ ಬರ್ತೈತೇನು ನಿನಗ?" ಎಂದಳು.

ಬೆರಳಾಡಿಸಿ ನೋಡಿದೆ. ಎರಡು ಮೂರು ಅಕ್ಷರ ಗುರುತು ಸಿಕ್ಕವು, ಉಳಿದವು ಸಿಗಲಿಲ್ಲ. ಹಳೆಯ ಲಿಪಿ. "ಬರಂಗಿಲ್ಲ ಅತ್ತಿ" ಎಂದೆ.

"ಮಾಸ್ತರ ಮಗಳಾಗಿ ಬರಂಗಿಲ್ಲೇನು?" ಎಂದು ನಕ್ಕು, ಆ ಬರಿದಾದ ಜಾಗಕ್ಕೆ ಒಂದು ಹಿಡಿ ಸುಣ್ಣ ಬಳಿದುಬಿಟ್ಟಳು. ಅಕ್ಷರದ ಮೇಲೆ ಸುಣ್ಣ! ಎಂಥ ಜನರ ಮನೆ ಸೇರಿದೆನಪ್ಪ ಎಂದು ಅವತ್ತು ರೊಟ್ಟಿ ಮುರಿಯುತ್ತ ಮನಸ್ಸಿನಲ್ಲೇ ಬೈದುಕೊಂಡೆ.

ತಂಗಿಯ ಗಂಡ ಹಂಪಿಗೆ ಹೋದ ವಾರದಲ್ಲೇ ಕಾಗದ ಹಾಕಿದೆ. ಉತ್ತರ ಬರಲಿಲ್ಲ. ಇನ್ನೊಂದು ಹಾಕಿದೆ, ಮತ್ತೊಂದು ಹಾಕಿದೆ. ಅಷ್ಟರಲ್ಲಿ ಕಾಲುವೆಯ ಕೊನೆಯ ನೀರು ನಮ್ಮ ಹೊಲಕ್ಕೂ ಹತ್ತುವ ಸುದ್ದಿ ಬಂತು. ದಢೇಸುಗೂರಿನ ಕಡೆ ಕಾಲುವೆಯ ಗುಂಟ ಹಸಿರು ಗದ್ದೆ ನೋಡಿ ನೋಡಿ ನಮ್ಮವರ ಬಾಯಲ್ಲಿ ನೀರೂರುತ್ತಿತ್ತು. ನೆಲ್ಲು ಹಾಕಬೇಕಾದರೆ ಹೊಲ ಸಮ ಮಾಡಬೇಕು, ಸಮ ಮಾಡಲು ಡೋಜರ್ ಬರಬೇಕು, ಡೋಜರ್ ತಿರುಗಲು ನಡುವೆ ಕಲ್ಲು ಇರಬಾರದು. ಗಂಡ ಕಲ್ಲನ್ನು ಬದುವಿಗೆ ಸರಿಸೋಣ ಅಂದರು. ಅದೇ ಹೊತ್ತಿಗೆ, ಎಲ್ಲ ಕಾಗದಕ್ಕೂ ಸೇರಿ ಒಂದೇ ಉತ್ತರವೆಂಬಂತೆ ಜೀಪು ಬಂತು.

ಜೀಪಿನಿಂದ ಒಬ್ಬ ಸಾಹೇಬರು, ಅವರ ಹಿಂದೆ ಇಬ್ಬರು ಇಳಿದರು. ಸಾಹೇಬರು ಕಲ್ಲನ್ನು ನೋಡಿದರು, ನಮ್ಮನ್ನು ನೋಡಿದರು. "ಯಾರ್ರೀ ಇದಕ್ಕೆ ಸುಣ್ಣ ಬಳಿದಿರೋದು?"

"ನಾನ ಯಪ್ಪಾ" ಎಂದಳು ಅತ್ತೆ, ಏನೋ ಮೆಚ್ಚುಗೆಯ ಮಾತು ಬರುತ್ತದೆ ಎಂದುಕೊಂಡು ಸೆರಗು ಸರಿಮಾಡಿಕೊಳ್ಳುತ್ತ.

"ಬುದ್ಧಿ ಇದೆಯೇನಮ್ಮಾ ನಿನಗೆ? ಅಕ್ಷರ ಎಲ್ಲಾ ಹಾಳು ಮಾಡಿಟ್ಟಿದೀಯ. ಇಂಥವರ ಕೈಗೆ ಸಿಕ್ಕಿದ್ರೆ ಈ ದೇಶದಲ್ಲಿ ಒಂದು ಕಲ್ಲೂ ಉಳಿಯಲ್ಲ" ಎಂದರು. ಹೊಲದ ತುಂಬ ಜನ ಸೇರಿದ್ದರು. ಅತ್ತೆಯ ಮುಖ ಸಣ್ಣದಾಯಿತು. ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಿಜ ಹೇಳುತ್ತೇನೆ, ಓದಿದವರು ನನ್ನ ಪಕ್ಷದವರು ಎಂದು ಆ ಕ್ಷಣ ನನಗೆ ಒಳಗೊಳಗೇ ಹಿಗ್ಗಾಗಿತ್ತು. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಳುಗಳು ತಂತಿ ಬ್ರಷ್ಷು ಹಿಡಿದು ಉಜ್ಜಿದರು. ನೀರು ಹೊಯ್ದು ಕೆರೆದರು. ಹಕ್ಕಳೆ ಹಕ್ಕಳೆಯಾಗಿ ಸುಣ್ಣ ಉದುರಿತು. ಮೇಲೆ ಸೂರ್ಯ ಚಂದ್ರ, ಅದರ ಕೆಳಗೆ ಕರುವಿಗೆ ಹಾಲುಣಿಸುವ ಆಕಳು, ಅದರ ಕೆಳಗೆ ಹದಿನೇಳು ಸಾಲು. ಒಂದು ಅಕ್ಷರದ ಬಾಲವೂ ಮುರಿದಿರಲಿಲ್ಲ. ಸಾಹೇಬರು ಕಣ್ಣಿನ ತಂಪು ಕನ್ನಡಕ ತೆಗೆದು ಹತ್ತಿರ ಬಗ್ಗಿದರು. ಆಮೇಲೆ ಆಳುಗಳಿಗೆ, "ಎಷ್ಟು ಚೆನ್ನಾಗಿ ಉಳಿದಿದೆ ನೋಡ್ರೋ" ಎಂದರು. ಯಾಕೆ ಉಳಿಯಿತು ಎಂದು ಮಾತ್ರ ಅವರಿಗೆ ಹೊಳೆಯಲಿಲ್ಲ. ನೂರಾರು ವರುಷದ ಬಿಸಿಲು, ಮಳೆ, ದನದ ಮೈ ತಿಕ್ಕಾಟ ಎಲ್ಲವನ್ನೂ ಆ ಸುಣ್ಣ ತನ್ನ ಮೇಲೆ ತಾಳಿಕೊಂಡಿತ್ತು. ಅದು ಅವರಿಗೆ ಹೊಳೆಯದ್ದು ಇರಲಿ, ನನಗೇ ಹೊಳೆದದ್ದು ಎಷ್ಟೋ ವರುಷದ ಮೇಲೆ.

ಕಲ್ಲನ್ನು ಲಿಂಗಸುಗೂರಿಗೆ ಒಯ್ದು, ಅಲ್ಲಿಂದ ಮ್ಯೂಸಿಯಮ್ಮಿಗೆ ಕಳಿಸುತ್ತೇವೆ ಎಂದರು. ಗಂಡ ಕೂಡಲೇ ಹ್ಞೂಂ ಅಂದರು, ಹೊಲ ಸಮವಾಗುತ್ತದಲ್ಲ. ಅತ್ತೆ ಮಾತ್ರ ಬನ್ನಿಗಿಡಕ್ಕೆ ಬೆನ್ನು ಹಚ್ಚಿ ಕಲ್ಲಿನ ಮುಂದೆ ನಿಂತುಬಿಟ್ಟಳು. ಯಾರು ಹೇಳಿದರೂ ಸರಿಯಲಿಲ್ಲ. ಕೊನೆಗೆ ನಾನು ಹೋಗಿ ಕೈ ಹಿಡಿದೆ.

"ಅತ್ತಿ, ಅವರು ಓದಿದಾವ್ರು. ನಮಗಿಂತ ಚಂದಾಗಿ ಕಾಪಾಡ್ತಾರ. ಇಲ್ಲಿದ್ರ ಡೋಜರ್ ಬಡದು ಒಡಿತೈತಿ."

"ನೀ ಅಂತೀಯೇನು ಈ ಮಾತು?"

"ನಾ ಅಂತೀನಿ."

ಅತ್ತೆ ಸಾಹೇಬರ ಕಡೆ ತಿರುಗಿದಳು. "ಒಯ್ಯಿರಿ ಯಪ್ಪಾ. ಖರೆ ಒಂದು ಮಾತು. ಅದರಾಗ ಏನು ಬರದೈತಿ ಅನ್ನೂದು ಓದಿ ನನಗ ತಿಳಸಬೇಕು. ಎಷ್ಟೋ ತಲಿಯಿಂದ ಸುಣ್ಣಾ ಹಚ್ಚಾಕತ್ತೀವಿ, ಯಾರಿಗೆ ಹಚ್ಚೀವಿ ಅನ್ನೂದು ಗೊತ್ತಾಗ್ಲಿ."

"ಹದಿನೈದು ದಿನದಲ್ಲಿ ಕಾಗದ ಬರತ್ತಮ್ಮ" ಎಂದರು ಸಾಹೇಬರು. ಅಕ್ಷರದ ಅಚ್ಚು ತೆಗೆಯುವ ಕಾಗದ ಅವತ್ತು ತಂದಿರಲಿಲ್ಲವಂತೆ, ಅಲ್ಲಿ ಹೋಗಿ ತೆಗೆಯುತ್ತಾರಂತೆ. ನಾನು ಶಾಲೆಯ ನೋಟುಬುಕ್ಕು ತಂದು ನಕಲು ಮಾಡತೊಡಗಿದೆ. ಮೂರು ಸಾಲು ಆಗುವಷ್ಟರಲ್ಲಿ ಟ್ರ್ಯಾಕ್ಟರು ಬಂತು. "ಎಲ್ಲ ಅಲ್ಲೇ ಓದ್ತೀವಿ, ನಿಮಗ್ಯಾಕೆ ತೊಂದರೆ" ಎಂದು ಸಾಹೇಬರು ನಕ್ಕರು. ಹಗ್ಗ ಬಿಗಿದು ಎಳೆದರು. ಕಲ್ಲು ಹೊರಬಂದ ಕಡೆ ಒಂದು ಗುಂಡಿ ಉಳಿಯಿತು. ರಸೀದಿ ಕೊಡಿ ಎಂದು ಕೇಳುವುದು ನಮಗೆ ಯಾರಿಗೂ ತೋಚಲಿಲ್ಲ. ದೇವರನ್ನು ಕಳಿಸಿಕೊಟ್ಟು ರಸೀದಿ ಕೇಳುವುದು ನಮ್ಮ ಜನರಿಗೆ ಬರುವುದಿಲ್ಲ.

ಹದಿನೈದು ದಿನ ಆಯಿತು. ತಿಂಗಳಾಯಿತು. ಅಂಚೆಯವನು ಓಣಿಗೆ ಬಂದರೆ ಅತ್ತೆ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದಳು. ಅವನು ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಹೊಲ ಸಮವಾಯಿತು, ನೀರು ಬಂತು, ನೆಲ್ಲು ಬಂತು. ಬನ್ನಿಗಿಡ ಒಂದನ್ನು ಕಡಿಯಲು ಅತ್ತೆ ಬಿಡಲಿಲ್ಲ. ಎಳ್ಳಮಾಸಿ ಬಂದರೆ ಅದರ ಬುಡದಲ್ಲಿ, ಕಲ್ಲು ಇದ್ದ ಜಾಗಕ್ಕೆ ಒಂದು ಚೊಂಬು ಸುಣ್ಣದ ನೀರು ಹೊಯ್ದು ಕೈ ಮುಗಿಯುತ್ತಿದ್ದಳು. ಪ್ರತಿ ವರುಷ ಬುತ್ತಿ ಬಿಚ್ಚುವಾಗ ಒಂದೇ ಮಾತು: "ಕಾಗದ ಬಂತೇನು ಬೇ?" ನಾನು ಇಲ್ಲ ಎನ್ನುತ್ತಿದ್ದೆ. ಆಕೆ ನನ್ನ ತಟ್ಟೆಗೆ ಕಡುಬು ಹಾಕುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾನು ಸುಮ್ಮನೆ ಕೂತಿರಲಿಲ್ಲ. ಲಿಂಗಸುಗೂರಿಗೆ ಚಪ್ಪಲಿ ಸವೆಸಿದೆ. ಒಂದು ಕಚೇರಿ, ಯಾವುದೆಂದು ಹೇಳುವುದಿಲ್ಲ, ಹೇಳಿದರೂ ಆಗ ಇದ್ದವರು ಈಗ ಯಾರೂ ಇಲ್ಲ. ಕಲ್ಲು ರಾಯಚೂರಿಗೆ ಹೋಗಿದೆ ಎಂದರು. ರಾಯಚೂರಿಗೆ ಹೋದರೆ ಗುಲಬರ್ಗಾಕ್ಕೆ ಹೋಗಿದೆ ಎಂದರು. ಗುಲಬರ್ಗಾಕ್ಕೆ ಬರೆದರೆ ಲಿಂಗಸುಗೂರಿನಲ್ಲಿ ವಿಚಾರಿಸಿ ಎಂದು ಉತ್ತರ ಬಂತು. ಲಿಂಗಸುಗೂರಿನ ಆ ಕಚೇರಿಯ ಒಬ್ಬ ಗುಮಾಸ್ತ, "ಮೇಡಂ, ಇಲ್ಲಿ ಮನುಷ್ಯರ ಫೈಲೇ ಸಿಗೂದಿಲ್ಲ, ನೀವು ಕಲ್ಲಿನ ಫೈಲ್ ಕೇಳಾಕತ್ತೀರಿ" ಎಂದು ಪಕ್ಕದವನ ಕಡೆ ಕಣ್ಣು ಹೊಡೆದ. ಇಂಥವರಿಗೆ ಸಂಬಳ ಕೊಟ್ಟು ಕೂರಿಸಿ, ಸುಣ್ಣ ಹಚ್ಚಿದ ಮುದುಕಿಯನ್ನು ಬುದ್ಧಿಗೇಡಿ ಎನ್ನುತ್ತದೆ ನಮ್ಮ ಸರ್ಕಾರ.

ಆ ಮೂರು ಸಾಲಿನ ನಕಲನ್ನು ಹಳೆಯ ಲಿಪಿ ಬಲ್ಲ ಒಬ್ಬ ನಿವೃತ್ತ ಮೇಷ್ಟ್ರಿಗೆ ಸಿಂಧನೂರಿನಲ್ಲಿ ತೋರಿಸಿದೆ. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನ ಓದಿದರು. "ಇದರಾಗ ಬರೇ ರಾಜನ ಹೊಗಳಿಕಿ ಅದ ತಂಗಿ. ಬಿರುದು ಬಾವಲಿ. ಯಾರು ಯಾರಿಗೆ ಏನು ಕೊಟ್ರು, ಯಾಕ ಕೊಟ್ರು ಅನ್ನೂದು ಕೆಳಗ ಬರ್ತದ. ಉಳಿದದ್ದು ತಂದಿಯೇನು?" ಎಂದರು. ನಾನು ಇಲ್ಲ ಎಂದೆ. ಅವರು ಹಾಳೆಯನ್ನು ಮಡಚಿ ಹಾಗೇ ವಾಪಸು ಕೊಟ್ಟರು.

ಎಂಬತ್ತರ ದಶಕ ಮುಗಿದು ತೊಂಬತ್ತರದು ಅರ್ಧ ಆಗಿತ್ತು. ಚುನಾವಣೆಯ ಕೆಲಸದ ತರಬೇತಿಗೆಂದು ನಮ್ಮನ್ನೆಲ್ಲ ಲಿಂಗಸುಗೂರಿಗೆ ಕರೆಸಿದ್ದರು, ಅದೇ ಕಚೇರಿಗೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಮುನ್ನ ಕೈ ತೊಳೆಯಲು ಹಿತ್ತಲಿನ ನಲ್ಲಿಗೆ ಹೋದೆ. ನಲ್ಲಿಯ ಕೆಳಗೆ ಒಂದು ಚಪ್ಪಡಿ ಹಾಸಿದ್ದರು. ಚಹಾದ ಅಂಗಡಿಯ ಹೆಂಗಸೊಬ್ಬಳು ಅದರ ಮೇಲೆ ಕುಕ್ಕರಗಾಲಲ್ಲಿ ಕೂತು, ಬೂದಿ, ಉಸುಕು, ತೆಂಗಿನ ನಾರು ಹಾಕಿ ಚಹಾದ ಕಪ್ಪು, ಅದರಡಿಯ ಬಸಿ ತಿಕ್ಕುತ್ತಿದ್ದಳು. ಅವಳು ಒಂದು ಬಕೆಟ್ ನೀರು ಸುರಿದಳು. ನೊರೆ ಸರಿದ ಕಡೆ, ಚಪ್ಪಡಿಯ ಒಂದು ಮೂಲೆಯಲ್ಲಿ, ಕರುವಿನ ಕಡೆ ಕತ್ತು ತಿರುಗಿಸಿದ ಆಕಳು ಕಂಡಿತು.

ಅವಳನ್ನು ಎಬ್ಬಿಸಿ ಮೊಳಕಾಲೂರಿ ಬೆರಳಾಡಿಸಿದೆ, ಅಪ್ಪ ಕಲಿಸಿದ ಹಾಗೆ. ಮೇಲಿನ ಸಾಲುಗಳು, ಅಂದರೆ ಆ ಹೊಗಳಿಕೆ, ಗೋಡೆಯ ಬದಿಗೆ ಇದ್ದದ್ದರಿಂದ ಅಷ್ಟಿಷ್ಟು ಉಳಿದಿತ್ತು. ಕೆಳಗೆ ಬರಬರುತ್ತ ನುಣ್ಣಗೆ. ಅಂಗೈಗೆ ಸಿಕ್ಕಿದ್ದು ಮನೆಯ ಒಳಕಲ್ಲಿನಷ್ಟೇ ನುಣುಪು. ಇನ್ನೂ ಏಳೆಂಟು ಅಡಿ ಆಚೆ ಇಟ್ಟಿದ್ದರೆ ನೆರಳಲ್ಲಿ ಬಿದ್ದಿರುತ್ತಿತ್ತು, ಯಾರ ಕೈಗೂ ಸಿಗುತ್ತಿರಲಿಲ್ಲ. ನಲ್ಲಿಯ ಬುಡ ಕೆಸರಾಗುತ್ತದೆ ಎಂದು ಯಾರೋ ಎಳೆದು ಹಾಕಿಸಿದ್ದರು. ನಾನು ಕಾಗದದ ಮೇಲೆ ಕಾಗದ ಬರೆದು ಇದೇ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಿದ್ದೆನಲ್ಲ, ಅಷ್ಟು ವರುಷವೂ ಕಲ್ಲು ಹಿಂದುಗಡೆ ಮುಸುರೆ ನೀರು ಕುಡಿಯುತ್ತ ಬಿದ್ದಿತ್ತು.

ಒಳಗೆ ಹೋಗಿ ಅಲ್ಲಿನ ಸಾಹೇಬರ ಮುಂದೆ ಕೂಗಾಡಿದೆ. ಜೀಪಿನಲ್ಲಿ ಬಂದವರಲ್ಲ, ಇವರು ಹೊಸಬರು. ತಾಳ್ಮೆಯಿಂದ ಕೇಳಿಸಿಕೊಂಡರು. "ನೀವು ಕೊಟ್ಟದ್ದಕ್ಕೆ ದಾಖಲೆ ಏನಿದೆ?" ಎಂದರು. ಇಲ್ಲ. "ನಾವು ತಗೊಂಡದ್ದಕ್ಕೂ ದಾಖಲೆ ಇಲ್ಲ. ಹಾಗಾದರೆ ಅದು ನಿಮ್ಮ ಕಲ್ಲು ಅಂತ ಹೇಗೆ ಹೇಳ್ತೀರಿ?" ಎಂದರು. ಕಲ್ಲಿನ ಮೇಲೇ ಬರೆದಿತ್ತು ಸಾಹೇಬರೆ, ಎನ್ನಬೇಕೆಂದು ಬಸ್ಸಿನಲ್ಲಿ ಹೊಳೆಯಿತು, ಅಷ್ಟರಲ್ಲಿ ಮಸ್ಕಿ ಬಂದಿತ್ತು.

ಮನೆಗೆ ಬಂದು ಅತ್ತೆಯ ಎದುರು ಕೂತೆ. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ, ನಲ್ಲಿ, ಬೂದಿ, ಬಸಿ, ಎಲ್ಲ ಹೇಳಿದೆ. "ತಪ್ಪು ನಂದು ಅತ್ತಿ, ನಾನ ಕೊಡಿಸಿದ್ನಿ" ಎಂದು ಅಳತೊಡಗಿದೆ. ಆಕೆ ಹಸನು ಮಾಡುತ್ತಿದ್ದ ಜೋಳದ ಮೊರವನ್ನು ಕೆಳಗಿಟ್ಟಳು. "ಎಳ್ಳಮಾಸಿ ಎಷ್ಟು ದಿನ ಐತಿ?" ಎಂದು ಮಾತ್ರ ಕೇಳಿದಳು.

ಎಳ್ಳಮಾಸಿಯ ದಿನ ಊರೆಲ್ಲ ಹೊಲದ ದಾರಿ ಹಿಡಿದಾಗ ನಾವಿಬ್ಬರು ಬಸ್ ಸ್ಟ್ಯಾಂಡಿನ ದಾರಿ ಹಿಡಿದೆವು. ಅತ್ತೆಯ ತಲೆಯ ಮೇಲೆ ಬುತ್ತಿಯ ಬುಟ್ಟಿ: ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕಡುಬು. ನನ್ನ ಕೈಯಲ್ಲಿ ಸುಣ್ಣದ ಗಡಿಗೆ. ಬಸ್ಸಿನಲ್ಲಿ ತುಳುಕಿ ಸೀರೆಯೆಲ್ಲ ಬಿಳಿಯಾಯಿತು. ಕಂಡಕ್ಟರು, "ಹಬ್ಬದ ದಿನ ಹೊಲ ಬಿಟ್ಟು ಎಲ್ಲಿಗೆ ಬೇ ಅವ್ವಾ?" ಎಂದು ಕೇಳಿದ. "ನಮ್ಮ ಹೊಲ ಆಫೀಸಿಗೆ ಹೋಗೈತಪ್ಪ" ಎಂದಳು ಅತ್ತೆ. ಬಸ್ಸೆಲ್ಲ ನಕ್ಕಿತು. ಅತ್ತೆ ನಗಲಿಲ್ಲ.

ಕಚೇರಿಯ ಹಿತ್ತಲಿನಲ್ಲಿ ಅವತ್ತೂ ಆ ಹೆಂಗಸು ಬಸಿ ತಿಕ್ಕುತ್ತಿದ್ದಳು. ಅತ್ತೆ ಅವಳನ್ನು ಬೈಯಲಿಲ್ಲ. "ಏಳವ್ವಾ, ಈ ಅವ್ವನ ಹಬ್ಬ ಐತಿ ಇವತ್ತು" ಎಂದಳು. ಅವಳು ಗಾಬರಿಯಾಗಿ ಎದ್ದು, ಯಾರೂ ಹೇಳದೆ ಇದ್ದರೂ ತಾನೇ ಎರಡು ಕೊಡ ಶುದ್ಧ ನೀರು ತಂದು ಕಲ್ಲು ತೊಳೆದಳು. ಅತ್ತೆ ಕಲ್ಲಿನ ಪಕ್ಕ ಕೂತು ಮೈಯೆಲ್ಲ ಸವರಿದಳು. ಸವರುತ್ತ ಸವರುತ್ತ ಆಕೆಯ ಕೈ ಆ ನುಣುಪಿನ ಕಡೆ ಬಂದು ನಿಂತಿತು. ಓದು ಬರದ ಕೈ ಅದು, ಆದರೆ ಐವತ್ತು ವರುಷ ಅಲ್ಲಿ ಸುಣ್ಣ ಬಳಿದ ಕೈ. ಏನು ಹೋಗಿದೆ ಎಂದು ಆ ಕೈಗೆ ಗೊತ್ತಾಯಿತು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಮೂಗು ಒರೆಸಿಕೊಂಡು ಗಡಿಗೆಗೆ ಕೈ ಹಾಕಿದಳು. ಅರ್ಧ ಕಲ್ಲು ಬೆಳ್ಳಗಾಗುವಷ್ಟರಲ್ಲಿ ಕಚೇರಿಯವರೆಲ್ಲ ಹಿತ್ತಲಿಗೆ ಬಂದು ನೆರೆದರು. ಜವಾನ ಚಪ್ಪಲಿ ಕಳಚಿ ದೂರ ಬಿಟ್ಟ. ಪಕ್ಕದವನ ಕಡೆ ಕಣ್ಣು ಹೊಡೆದಿದ್ದ ಆ ಗುಮಾಸ್ತ ಕೈ ಕಟ್ಟಿಕೊಂಡು ನಿಂತಿದ್ದ. ಸಾಹೇಬರು ಕೊನೆಗೆ ಬಂದರು. ಬಂದವರೇ ದನಿ ಏರಿಸಿದರು.

"ಏನಮ್ಮಾ ಇದು? ಪುರಾತನ ಶಾಸನಕ್ಕೆ ಸುಣ್ಣ ಹಚ್ಚಬಾರದು ಅಂತ ಗೊತ್ತಿಲ್ವಾ? ಅಕ್ಷರ ಹಾಳಾಗತ್ತೆ!"

ಹತ್ತು ವರುಷದ ಹಿಂದೆ ಹೊಲದಲ್ಲಿ ಕೇಳಿದ ಅದೇ ಮಾತು, ಬೇರೆ ಬಾಯಿಂದ. ಮೊನ್ನೆ ನಾನು ಕೂಗಾಡಿದಾಗ ಇದು ಪುರಾತನ ಎಂದು ಇವರಿಗೆ ಗೊತ್ತಿರಲಿಲ್ಲ, ದಾಖಲೆ ಬೇಕಿತ್ತು. ಸುಣ್ಣ ಬಿದ್ದ ಕೂಡಲೇ ಗೊತ್ತಾಗಿಬಿಟ್ಟಿತು! ನಾನು ಈ ಸಲ ಬಾಯಿ ಬಿಡಲೇಬೇಕೆಂದು ಮುಂದೆ ನುಗ್ಗಿದೆ. ಅತ್ತೆ ಸುಣ್ಣದ ಕೈಯಿಂದಲೇ ನನ್ನನ್ನು ತಡೆದಳು. ಎದ್ದು ನಿಂತಳು. ಸಾಹೇಬರಿಗಿಂತ ಆಕೆಯೇ ಎತ್ತರ.

"ಯಪ್ಪಾ, ನಾ ಹಚ್ಚಿದ್ದು ಸುಣ್ಣ. ತೊಳದ್ರ ಹೋಗತೈತಿ, ಕೆಳಗ ಅಕ್ಷರ ಇರ್ತಾವು. ನೀವು ತೊಳದಿದ್ದು ಅಕ್ಷರ. ಅದನ್ನ ಹೆಂಗ ಬರೀತೀರಿ, ಹೇಳ್ರಿ?"

ಅತ್ತೆ ಉತ್ತರಕ್ಕೆ ಕಾಯಲಿಲ್ಲ. ಕೂತು ಉಳಿದರ್ಧ ಬಳಿದಳು, ಜಾಜಿನ ಮೂರು ಗೆರೆ ಎಳೆದಳು, ಕಚೇರಿಯ ಅಂಗಳಕ್ಕೆ ಚರಗ ಚೆಲ್ಲಿದಳು. ಬುತ್ತಿ ಬಿಚ್ಚಿ ಮೊದಲ ಕಡುಬನ್ನು ಬಸಿ ತಿಕ್ಕುವ ಹೆಂಗಸಿಗೆ, ಎರಡನೆಯದನ್ನು ಸಾಹೇಬರ ಕೈಗೆ ಕೊಟ್ಟಳು. ಹಬ್ಬದ ದಿನ ಯಾರನ್ನೂ ಬರಿಗೈಯಲ್ಲಿ ನಿಲ್ಲಿಸುವುದು ಆಕೆಗೆ ಗೊತ್ತಿರಲಿಲ್ಲ.

ಮುಂದಿನ ಸಲ ನಾನು ಹೋದಾಗ ನಲ್ಲಿಯನ್ನು ಆಚೆ ಸರಿಸಿದ್ದರು. ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು, ಮುಂದೆ ಯಾರೋ ಹೂವು ಇಟ್ಟಿದ್ದರು. ಅರ್ಜಿಗಳಿಂದ ಆಗದ್ದು ಒಂದು ಗಡಿಗೆ ಸುಣ್ಣದಿಂದ ಆಯಿತು ಎಂದು ನಾನು ಬೀಗಬಹುದು. ಬೀಗಲು ಮನಸ್ಸು ಬರುವುದಿಲ್ಲ. ಆ ಹಬ್ಬದ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಕಿಟಕಿಯ ಆಚೆ ನೋಡುತ್ತ, ಎಷ್ಟೋ ವರುಷದಿಂದ ಕೇಳುತ್ತಿದ್ದ ಮಾತನ್ನು ಮತ್ತೆ ಕೇಳಿದಳು, ಈ ಸಲ ಸ್ವಲ್ಪ ಬೇರೆ ಥರ.

"ಇನ್ನ ಕಾಗದ ಬರಂಗಿಲ್ಲಲ್ಲ ಬೇ?"

"ಬರಂಗಿಲ್ಲ ಅತ್ತಿ" ಎಂದೆ. ಆಕೆ ಖಾಲಿ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಸ್ಕಿ ಬರುವವರೆಗೂ ಅದರ ಬಾಯಿಗೆ ಅಂಟಿದ ಸುಣ್ಣವನ್ನು ಉಗುರಿನಿಂದ ಬಿಡಿಸುತ್ತ ಕೂತಿದ್ದಳು.